ಕಿಟಕಿ ಮಂಚದ ಚಕ್ರಾಧಿಪತ್ಯ

ತಾವು ಬಿಡಿಸಲಾರದ ಚದುರಂಗದ ಸಮಸ್ಯೆಯನ್ನು ಬ್ರಹ್ಮನೂ ಇನ್ನೂ ಸೃಷ್ಟಿಸಿಲ್ಲ ಎಂಬುದು ದರ್ಜಿ ಮಹಾಶಯರ ನಂಬಿಕೆ. ರಜೆ ಬಂದು ಅಂಗಡಿಗೆ ಬೀಗ ಬಿದ್ದರೆ ಸಾಕು, ಈ ನಂಬಿಕೆ ಅವರ ಹೊಟ್ಟೆಗಿಂತ ಒಂದು ಮಾರು ಮುಂದೆ ನಡೆಯುತ್ತಿತ್ತು.

ಈ ರಜೆಗೆ ಅವರ ಅಕ್ಕ ಬಂದರು. ಬ್ಯಾಗು ಇಳಿಸುವ ಮೊದಲೇ, ಪತ್ರಿಕೆಯಿಂದ ಕತ್ತರಿಸಿ ತಂದ ಸಮಸ್ಯೆಯನ್ನು ತಮ್ಮನ ಕೈಗಿಟ್ಟರು. ಬಿಳಿ ಪಡೆ ಮೂರೇ ನಡೆಯಲ್ಲಿ ಕರಿ ರಾಜನನ್ನು ಕಟ್ಟಿಹಾಕಬೇಕು.

"ಸಂಜೆಯೊಳಗೆ ಬಿಡಿಸಿದ್ರೆ ಕಿಟಕಿ ಪಕ್ಕದ ಮಂಚ ನಿಂದು. ಇಲ್ದಿದ್ರೆ ನಂದು."

ಅದು ಅಪ್ಪ ಮಾಡಿದ್ದ ಕಾನೂನು. ಅವರೂ ದರ್ಜಿಯೇ. ರಜೆಯ ಮಧ್ಯಾಹ್ನಗಳಲ್ಲಿ ಬಟ್ಟೆಯ ದೊಡ್ಡ ಕತ್ತರಿಯಲ್ಲೇ ಪತ್ರಿಕೆಯ ಸಮಸ್ಯೆಯನ್ನು ಕತ್ತರಿಸಿ ಮಕ್ಕಳ ಮುಂದೆ ಹಾಸುತ್ತಿದ್ದರು. ಅಕ್ಕ-ತಮ್ಮ ಇಬ್ಬರೂ ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ, ತಲೆಗೆ ತಲೆ ಡಿಕ್ಕಿ ಹೊಡೆಯುತ್ತ ಯೋಚಿಸುತ್ತಿದ್ದರು. (ಆ ಯೋಚನೆಯ ಶಾಖಕ್ಕೆ ಅಪ್ಪನ ಇಸ್ತ್ರಿ ಪೆಟ್ಟಿಗೆಗೆ ಕೆಂಡವೇ ಬೇಕಿರಲಿಲ್ಲವಂತೆ.) ಗೆದ್ದವರಿಗೆ ರಜೆ ಪೂರ್ತಿ ಕಿಟಕಿಯ ತಂಗಾಳಿ, ಸೋತವರಿಗೆ ಚಾಪೆ. ಕಾಲಾಳುಗಳು ಒಂದೊಂದಾಗಿ ಕಳೆದುಹೋದಾಗ ಅಪ್ಪ ಅಂಗಿಯ ಗುಂಡಿಗಳನ್ನೇ ಸೈನ್ಯಕ್ಕೆ ಸೇರಿಸಿದ್ದರು: ನಾಲ್ಕು ತೂತಿನದು ಬಿಳಿ ಪಡೆ, ಎರಡು ತೂತಿನದು ಕರಿ ಪಡೆ. ಅಪ್ಪ ಹೋಗಿ ಎಷ್ಟೋ ಕಾಲವಾದರೂ ಆ ಸೈನ್ಯಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ.

ಮಹಾಶಯರು ಆ ಮಂಚದ ಮೇಲೆಯೇ ಚದುರಂಗದ ಮಣೆ ಹೂಡಿದರು. ಊಟಕ್ಕೆ ಕರೆದರೂ ಏಳಲಿಲ್ಲ.

"ರೀ, ಕನ್ನಡಕನಾದ್ರೂ ಹಾಕ್ಕೊಳ್ಳಿ," ಎಂದಳು ಹೆಂಡತಿ.

"ಗುಂಡಿ ಹೊಲಿದೂ ಹೊಲಿದೂ ಬೆರಳಿಗೇ ಕಣ್ಣು ಬಂದಿದೆ ಕಣೇ. ಸುಮ್ನಿರು."

ಸಂಜೆಯ ಹೊತ್ತಿಗೆ ಗೋಡೆ ಬಿರುಕು ಬಿಡುವಂಥ ಕೂಗು: "ಸತ್ತ! ರಾಜ ಸತ್ತ!" ಪಕ್ಕದ ಮನೆಯವರು ಯಾರು ಹೋದರೋ ಎಂದು ಚಪ್ಪಲಿ ಬಿಟ್ಟು ಓಡಿ ಬಂದರು.

"ನೋಡಕ್ಕಾ, ಕಾಲಾಳು ಒಂದು ಮನೆ ಮುಂದೆ, ಕತೆ ಮುಗೀತು! ಹೋಗು, ಚಾಪೆ ಹಾಸ್ಕೋ."

ಅಕ್ಕ ಕನ್ನಡಕ ಏರಿಸಿ, ಆ ಗುಂಡಿಯನ್ನೆತ್ತಿ ಬೆಳಕಿಗೆ ಹಿಡಿದರು. ತೂತು ಎರಡೇ.

"ರಾಜನ್ನ ಕೊಂದಿರೋದು ಅವನ ಸ್ವಂತ ಸೈನಿಕನೇ ಕಣೋ!"

ಹೆಂಡತಿ ನಗು ತಡೆಯಲಾರದೆ ಒಳಗೆ ಓಡಿದಳು. ಅಕ್ಕ ಮಾತ್ರ ಗುಂಡಿಯನ್ನು ಬೇಗ ಕೆಳಗಿಡಲಿಲ್ಲ. ಅದು ಅಪ್ಪನ ಹಳೆಯ ಅಂಗಿಯದು. ತಮ್ಮನಿಗೂ ಅದು ಗೊತ್ತಿತ್ತು. ಆದರೆ ಮಂಚದ ಪ್ರಶ್ನೆ ಬಂದಾಗ ಭಾವನೆಗಳಿಗೆ ಎಡೆಗೊಡಬಾರದು.

"ಆ ರಾಜ ಎಂಥ ಕ್ರೂರಿಯೋ ಏನೋ," ಎನ್ನುತ್ತ ಮಹಾಶಯರು ದಿಂಬನ್ನು ಬಿಗಿಯಾಗಿ ತಬ್ಬಿಕೊಂಡರು. "ಸೈನ್ಯವೇ ತಿರುಗಿ ಬಿದ್ರೆ ಅದಕ್ಕೆ ನಾನೇನು ಮಾಡ್ಲಿ?"

"ಜಾಸ್ತಿ ಏನೂ ಮಾಡ್ಬೇಡಪ್ಪ. ರಾಜ ಇಡೋದು ಒಂದೇ ಹೆಜ್ಜೆ. ಅಷ್ಟು ಇಟ್ಟು ಮಂಚದಿಂದ ಕೆಳಗಿಳಿ."