ಹುದ್ದಾರ ಮಾಸ್ತರರ ಗಂಟುಮೂಟೆ ಯಂತ್ರ

“ನೋಡ್ರಿ ಕಾಶಿಬಾಯಾರ, ಇನ್ನ ಹೊಳಿ ಬರಲಿ, ಹೊಳಿಯಪ್ಪನ ಬರಲಿ!”

ಪಕ್ಕದ ಮನೆಯ ಹುದ್ದಾರ ಮಾಸ್ತರರು ಟ್ರಂಕು ತಟ್ಟಿದರು. ಅದಕ್ಕೆ ನಾಲ್ಕು ಗಾಲಿ, ಎರಡು ಕಬ್ಬಿಣದ ಕೈ! ಐಟಿಐಯಲ್ಲಿ ಮೂವತ್ತು ವರ್ಷ ಲೇಥು ಕಲಿಸಿ ನಿವೃತ್ತರಾದವರು. ಅವರಿಗೆ ದಮ್ಮು, ನನಗೆ ಸಕ್ಕರೆ ಕಾಯಿಲೆ. ಅವರ ಮನೆಯವರು ಹೋಗಿ ಒಂಬತ್ತು ವರ್ಷ, ನಮ್ಮವರು ಹೋಗಿ ಹನ್ನೊಂದು.

ಹೋದ ಮಳೆಗಾಲದಲ್ಲಿ ಘಟಪ್ರಭೆ ಓಣಿಗೆ ನುಗ್ಗಿದಾಗ ನಾನು ಗಡಿಬಿಡಿಯಲ್ಲಿ ಇನ್ಸುಲಿನ್ ಮರೆತು, ಪರಿಹಾರ ಕೇಂದ್ರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದೆ. ಮಾಸ್ತರರು ಎರಡು ದಿನ ನನ್ನ ಪಕ್ಕದಿಂದ ಏಳಲಿಲ್ಲವಂತೆ. ಹೊಳೆ ಬಂದಾಗ ಬೇಕಾದ್ದನ್ನೆಲ್ಲ ತಾನೇ ಗಂಟು ಕಟ್ಟಿಕೊಂಡು ಓಡುವ ಈ ಯಂತ್ರ ಶುರು ಮಾಡಿದ್ದು ಆಮೇಲೇ.

“ಮುಂಗೈಗೆ ಈ ಪಟ್ಟಿ ಕಟ್ಕೊಳ್ರಿ. ಯಾವುದನ್ನ ನೋಡಿದ್ರ ಎದಿ ಜೋರ್ ಹೊಡ್ಕೋತದ, ಅದ ಬೇಕಾದ್ದು ಅಂತ ತಿಳ್ಕೊಂಡು ತುಂಬ್ಕೋತದ!”

ಕಟ್ಟಿಕೊಂಡೆ. ಯಂತ್ರ ನನ್ನ ಅಡುಗೆಮನೆಗೆ ಉರುಳಿತು. ಇನ್ಸುಲಿನ್ ಎತ್ತಿ ತೋರಿಸಿ, ಮತ್ತೆ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟಿತು. ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಕುಂದಾ ಮಿಠಾಯಿ ಎಳೆದು ಟ್ರಂಕಿಗೆ ಹಾಕಿಕೊಂಡಿತು!

“ಸಕ್ಕರಿ ಬ್ಯಾನಿ ಇಟ್ಕೊಂಡು ಕುಂದಾ ತಿಂತೀರೇನ್ರೀ!”

“ನಿಮ್ಮ ಯಂತ್ರಕ್ಕ ಬುದ್ಧಿ ಇಲ್ಲ!”

“ನಿಮಗ ಇಲ್ಲ!”

ನಾಲ್ಕು ದಿನ ಮಾತು ಬಿಟ್ಟೆವು. ಸಂಜೆ ಅವರ ಕೆಮ್ಮು ಕೇಳಿದಾಗೆಲ್ಲ ತಟ್ಟೆ ಬಿಟ್ಟೆದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಹೋಗಿ ವಿಚಾರಿಸಲೇ ಎನಿಸುತ್ತಿತ್ತು. ಈ ವಯಸ್ಸಿನಲ್ಲಿ ಏನೆಂದು ವಿಚಾರಿಸುವುದು?

ಐದನೇ ದಿನ ಮಧ್ಯಾಹ್ನ ಆಟೋದ ಮೈಕು ಕೂಗಿತು: “ಡ್ಯಾಮಿನ ನೀರು ಬಿಟ್ಟಾರ, ಎಲ್ಲಾರೂ ದಿಬ್ಬದ ಮ್ಯಾಲಿನ ಸಾಲಿಗೆ ನಡೀರಿ!” ನಾನು ಇನ್ಸುಲಿನ್ ಚೀಲಕ್ಕೆ ಹಾಕುವಷ್ಟರಲ್ಲಿ ಧಡಾರ್! ನಮ್ಮೆರಡು ಮನೆಗಳ ನಡುವಿನ ಗೋಡೆಯೇ ಉರುಳಿತು. ಧೂಳಿನೊಳಗಿಂದ ಯಂತ್ರ ನುಗ್ಗಿ ಬಂತು. ಹಿಂದೆಯೇ ಮಾಸ್ತರರು, ಮುಂಗೈಗೆ ಪಟ್ಟಿ ಕಟ್ಟಿಕೊಂಡು.

“ಏ ನಿಲ್ಲೋ! ದಮ್ಮಿನ ಪಂಪು ತಗೋ ಅಂದ್ರ ಎಲ್ಲಿ ಓಡ್ತೀ!”

ಯಂತ್ರ ಕೇಳಲಿಲ್ಲ. ನನ್ನನ್ನು ಚೀಲದ ಸಮೇತ ಅನಾಮತ್ತಾಗಿ ಎತ್ತಿ ಟ್ರಂಕಿನಲ್ಲಿ ಕೂರಿಸಿಕೊಂಡು ಶಾಲೆಯ ದಿಬ್ಬದತ್ತ ಓಡಿತು! ಓಣಿಯೆಲ್ಲ ಬಾಯಿ ಬಿಟ್ಟು ನೋಡಿತು.

ಹಿಂದೆ ಓಡಿಬಂದ ಮಾಸ್ತರರು ದಿಬ್ಬ ಏರುವಷ್ಟರಲ್ಲಿ ಉಸಿರು ಸಿಕ್ಕದೆ ಕುಸಿದರು. ಪಂಪು ಮನೆಯಲ್ಲೇ ಉಳಿದಿತ್ತು. ನಾನು ಟ್ರಂಕಿನಿಂದ ಇಳಿದು, ಚೀಲದಿಂದ ಹೊಸ ಪಂಪು ತೆಗೆದು ಅವರ ಬಾಯಿಗಿಟ್ಟೆ. ಹೋದ ಮಳೆಗಾಲದಿಂದ ಅವರಿಗೆಂದೇ ಅದು ನನ್ನ ಚೀಲದಲ್ಲಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಉಸಿರು ಮರಳಿದ ಮೇಲೂ ಅವರು ನನ್ನ ಕೈ ಬಿಡಲಿಲ್ಲ.

ಶಾಲೆಯ ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಹೆಸರು ಬರೆದುಕೊಳ್ಳುತ್ತಾ ಕೇಳಿದಳು: “ನೀವಿಬ್ರೂ ಒಂದ ಮನಿಯವರೇನ್ರೀ?”

“ಮಧ್ಯಾಹ್ನದ ತನಕ ಎರಡಿದ್ವು,” ಎಂದೆ. “ಈಗ ಗ್ವಾಡಿ ಇಲ್ಲ.”