ಗವಿಗೆ ಮಾವ ಹಾಕಿದ ತೇಪೆ

ನಮ್ಮ ಮನೆಯಲ್ಲಿ ಹೆಂಗಸು ಸುಮ್ಮನೆ ಕುಳಿತಿದ್ದರೆ ಅದನ್ನು ಕಾಯಿಲೆ ಎಂದೇ ತಿಳಿಯುತ್ತಾರೆ. ಸೊಪ್ಪು ಬಿಡಿಸುತ್ತಾ ಕೂರಬಹುದು, ಟೀವಿ ನೋಡುತ್ತಾ ಬೆಳ್ಳುಳ್ಳಿ ಸುಲಿಯುತ್ತಾ ಕೂರಬಹುದು, ಫೋನಿನಲ್ಲಿ ನಾದಿನಿಯ ಸಂಕಟ ಕೇಳುತ್ತಾ ಗಂಟೆಗಟ್ಟಲೆ ಕೂರಬಹುದು. ಕೈಯಲ್ಲಿ ಏನೂ ಇಲ್ಲದೆ ಗೋಡೆಗೊರಗಿ ಕುಳಿತರೆ ಮಾತ್ರ ಕಷ್ಟ. ಅತ್ತೆ ಬಂದು ಹಣೆ ಮುಟ್ಟುತ್ತಾರೆ. ನನ್ನ ಗಂಡ, "ಯಾಕೆ ಕಣೇ, ಬಿ.ಪಿ. ಏನಾದ್ರೂ ಇಳಿದೈತಾ?" ಎನ್ನುತ್ತಾರೆ. ಕಾಯಿ ಸುಲಿಯಲು ಬಂದವರೂ, "ಮೇಡಮ್ಮೋರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಎಲ್ಲರೂ ಒಳ್ಳೆಯವರು. ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ನನ್ನದೇ ಒಂದು ಮೂಲೆ ಗಿಟ್ಟಿಸಿಕೊಳ್ಳಬಹುದಿತ್ತು. ಒಳ್ಳೆಯವರ ಮನೆಯಲ್ಲಿ ಸುಮ್ಮನೆ ಕೂರಲು ಜಾಗ ಸಿಗದೆ ನಾನು ಗವಿ ಹುಡುಕಿಕೊಂಡು ಹೋದೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಪರವಾಗಿಲ್ಲ.

ಗವಿಯೆಂದರೆ ತಪಸ್ಸು ಮಾಡುವಂಥ ದೊಡ್ಡ ಗವಿಯೇನಲ್ಲ. ಕಂದಿಕೆರೆಯ ಆಚೆ, ನಮ್ಮ ತೆಂಗಿನ ತೋಟಗಳು ಮುಗಿದು ರಾಗಿ ಹೊಲಗಳು ಶುರುವಾಗುವ ಕಡೆ, ಮಳೆಗಾಲದ ಹಳ್ಳವೊಂದು ಕೊರೆದು ಕೊರೆದು ಮಾಡಿದ ಆಳವಾದ ಕೊರಕಲಿದೆ. ಎರಡೂ ಕಡೆ ಸುಣ್ಣಕಲ್ಲು. ದೂರದಿಂದ ಬೂದಿಬಣ್ಣ, ಹತ್ತಿರ ಹೋದರೆ ಒಳಗೆಲ್ಲ ಬಿಳಿ ಗೆರೆಗಳು. ಹಿಂದೆ ಮನೆಗಳಿಗೆ ಬಳಿಯುವ ಸುಣ್ಣಕ್ಕೆ ಇಲ್ಲಿಂದಲೇ ಕಲ್ಲು ಹೊತ್ತುಕೊಂಡು ಹೋಗಿ ಸುಡುತ್ತಿದ್ದರಂತೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. 'ಸುಣ್ಣಕಲ್ಲು ದೊರೆಯುವ ಸ್ಥಳಗಳು' ಎಂದು ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾ ಬಂದಿದ್ದೇನೆ. ಮನೆಯಿಂದ ಮುಕ್ಕಾಲು ಗಂಟೆ ನಡೆದರೆ ಅದೇ ಕಲ್ಲನ್ನು ಕೈಯಲ್ಲಿ ಮುಟ್ಟಬಹುದೆಂದು ನನಗೆ ಗೊತ್ತಾದದ್ದು ಮಾವನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ.

ಡಾಕ್ಟರು ಮಾವನಿಗೆ ನಡೆಯಲು ಹೇಳಿದರು. ಮಾವನ ವಾದವೆಂದರೆ, ಮನುಷ್ಯ ಎಲ್ಲಿಗಾದರೂ ಹೋಗಬೇಕಾದಾಗ ನಡೆಯಬೇಕು. ಎಲ್ಲಿಗೂ ಹೋಗದೆ ಸುಮ್ಮನೆ ನಡೆದು ವಾಪಸ್ಸು ಬರುವುದು ತಲೆ ಕೆಟ್ಟವರ ಕೆಲಸ. ಕೊನೆಗೆ ಮನೆಯವರೆಲ್ಲ ಸೇರಿ 'ಕೊರಕಲ ಕಡೆ ಹೋಗಿಬರುವುದು' ಎಂಬ ಒಂದು ಗುರಿ ಗೊತ್ತು ಮಾಡಿ, ಭಾನುವಾರ ಅವರ ಜೊತೆ ಹೋಗುವ ಕೆಲಸವನ್ನು ನನಗೆ ವಹಿಸಿದರು. ಗಂಡನಿಗೆ ಭಾನುವಾರವೆಂದರೆ ನಿದ್ದೆ. ನನಗಾದರೋ ಅದೂ ಒಂದು ಕೆಲಸವಾದ್ದರಿಂದ ಯಾರೂ ಹಣೆ ಮುಟ್ಟಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಮಾವ ನನ್ನೊಡನೆ ಮಾತಾಡುವುದಿಲ್ಲ. ಜಗಳ ಗಿಗಳ ಏನಿಲ್ಲ. ಅವರ ಕಾಲದಲ್ಲಿ ಮಾವನಾದವನು ಸೊಸೆಯ ಮುಖ ನೋಡಿ ಮಾತಾಡುವುದು ಮರ್ಯಾದೆಯಾಗಿರಲಿಲ್ಲ. ಅದಕ್ಕೆ ಅವರು ನಡುಮನೆಯ ಕಂಬಕ್ಕೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. "ಸಾರಿಗೆ ಉಪ್ಪು ಒಂಚೂರು ಮುಂದಾಗೈತೆ" ಎಂದು ಕಂಬಕ್ಕೆ ತಿಳಿಸುತ್ತಾರೆ. ನಾನೂ ಕಲಿತೆ. "ಮಾತ್ರೆ ನುಂಗಿದ ಮೇಲೆ ಹಲಸಿನಹಣ್ಣು ತಿನ್ನಬಾರದಂತೆ" ಎಂದು ಹಸುವಿಗೆ ಹೇಳಿದರೆ ಮಾವ ಕೈಯಲ್ಲಿದ್ದ ತೊಳೆಯನ್ನು ಕೆಳಗಿಡುತ್ತಾರೆ. ಮದುವೆಯಾದಾಗಿನಿಂದ ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಒಂದೇ ಒಂದು ನೇರ ಮಾತು ನಡೆದಿರಲಿಲ್ಲ. ಹಾಗೆಯೇ, ಒಂದು ವಿಷಯವೂ ತಿಳಿಯದೆ ಉಳಿದಿರಲಿಲ್ಲ.

ಕೊರಕಲಲ್ಲಿ ಕಂಬವಿರಲಿಲ್ಲ, ಹಸುವೂ ಇರಲಿಲ್ಲ. ಮೊದಲ ದಿನ ಇಬ್ಬರೂ ಮೂಕರ ಹಾಗೆ ಹೋಗಿಬಂದೆವು. ಎರಡನೆಯ ಸಲ ಕಲ್ಲುಗಳ ನಡುವೆ ಒಂದು ಸಂದಿ ಕಂಡಿತು. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಪಾಠ ಹೇಳುವವಳ ಕುತೂಹಲ ಸುಮ್ಮನಿರಲಿಲ್ಲ, ಸೆರಗು ಸಿಕ್ಕಿಸಿಕೊಂಡು ತೂರಿದೆ. ಅರ್ಧ ದೇಹ ಒಳಗೆ ಹೋಯಿತು, ಉಳಿದರ್ಧ ಹೊರಗೇ ನಿಂತಿತು. ವಾಕಿಂಗ್ ನನಗೂ ಬೇಕಾಗಿತ್ತು ಎಂಬುದು ಆಗಲೇ ತಿಳಿದದ್ದು. ಹಿಂದಕ್ಕೂ ಆಗದು, ಮುಂದಕ್ಕೂ ಆಗದು. ಹೊರಗೆ ಮಾವ ಕೆಮ್ಮಿದರು. ಸೊಸೆಯ ಕೈ ಹಿಡಿದೆಳೆಯುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಸ್ವಲ್ಪ ಹೊತ್ತು ಒದ್ದಾಡಿ ಕೊನೆಗೆ ಅವರು ಬಂಡೆಗೆ ಹೇಳಿದರು: "ಉಸ್ರು ಪೂರ್ತಿ ಬುಟ್ಟು, ಎಡಗಡೆ ಹೆಗಲು ಮುಂದುಕ್ಕೆ ತಂದ್ರೆ ಜಾರ್ತದೆ ಅನ್ಸುತ್ತೆ." ಬಂಡೆ ಉಸಿರು ಬಿಟ್ಟಿತೋ ಇಲ್ಲವೋ, ನಾನು ಬಿಟ್ಟೆ. ಜಾರಿ ಒಳಕ್ಕೇ ಬಿದ್ದೆ.

ಒಳಗೆ ಒಂದು ಸಣ್ಣ ಕೋಣೆಯಷ್ಟು ಜಾಗ. ಮೇಲಿನ ಬಿರುಕಿನಿಂದ ಬೆಳಕು ಬರುತ್ತಿತ್ತು. ಬಲಗಡೆ ಒಬ್ಬಾಳು ಹಾಯುವಷ್ಟು ಅಗಲದ ಇನ್ನೊಂದು ಬಾಯಿಯೇ ಇತ್ತು. ಮಾವ ಅದರಿಂದ ಆರಾಮವಾಗಿ ನಡೆದುಕೊಂಡು ಬಂದರು. ಮೂಲೆಯಲ್ಲಿ ಮುಳ್ಳುಹಂದಿಯ ಮುಳ್ಳುಗಳು ಬಿದ್ದಿದ್ದವು. ಸೂರಿನಿಂದ ಬೆರಳುದ್ದದ ಒಂದು ಬಿಳಿ ಕಲ್ಲು ಇಳಿಬಿದ್ದಿತ್ತು. ಅದರ ತುದಿಯಲ್ಲಿ ಒಂದು ತೊಟ್ಟು ನೀರು ಕೂಡುತ್ತಿತ್ತು, ದಪ್ಪವಾಗುತ್ತಿತ್ತು, ಬಿದ್ದೇಬಿಟ್ಟಿತು ಎನ್ನುವಾಗ ತಡೆಯುತ್ತಿತ್ತು, ಆಮೇಲೆ ಬೀಳುತ್ತಿತ್ತು. ನಾನು ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಕುಳಿತೆ. ಮುಂದಿನ ತೊಟ್ಟಿಗಾಗಿ ಕಾದೆ. ಯಾರೂ ಏನಾಯಿತೆಂದು ಕೇಳಲಿಲ್ಲ. ಆಗ ನನಗಾದ ಸುಖವನ್ನು ಹೇಗೆ ಹೇಳಲಿ? ಕಣ್ಣಲ್ಲಿ ನೀರೇ ಬಂತು. ಮಾವ ಆಚೆ ಮೂಲೆಯಲ್ಲಿ ಕುಳಿತು ಗೋಡೆಯೊಡನೆ ಮಳೆ, ರಾಗಿ, ತೆಂಗಿಗೆ ಬಿದ್ದ ನುಸಿ ಎಂದು ಮೆಲ್ಲಗೆ ಮಾತಾಡುತ್ತಿದ್ದರು.

ಅಲ್ಲಿಂದ ಪ್ರತಿ ಭಾನುವಾರ ಅದೇ ಗವಿ, ಅದೇ ತೊಟ್ಟು. ಊರಲ್ಲಿ ಸುದ್ದಿಯಾಯಿತು. "ಮೇಡಂ, ಏನಾದ್ರೂ ಸಿಕ್ತಾ?" ಎಂದು ಅಂಗಡಿಯವರು ಕಣ್ಣು ಮಿಟುಕಿಸಿ ಕೇಳುತ್ತಿದ್ದರು. ನಮ್ಮ ಕಡೆ ಗವಿಗೆ ಹೋಗುವವರು ಎರಡೇ ಬಗೆ: ಒಂದು ಸನ್ಯಾಸಿ, ಇನ್ನೊಂದು ನಿಧಿ ಅಗೆಯುವವನು. ನನ್ನ ಮೈಕಟ್ಟು ನೋಡಿ ಸನ್ಯಾಸವನ್ನು ಯಾರೂ ನಂಬಲಿಲ್ಲ.

ಮಾವ ಮಾತ್ರ ಆ ತೊಟ್ಟನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಕೊಬ್ಬರಿ ಮಾಡುವ ಮನೆಯವರು ನಾವು. ಕಾಯಿಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತೇವೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅಷ್ಟರೊಳಗೆ ಹೆಂಚಿನ ಸಂದಿಯಿಂದ ನೀರು ಸೋರಿತೋ, ಬೂಷ್ಟು ಹಿಡಿದು ವರ್ಷದ ಫಸಲು ಹಾಳು. ಮಾವ ಯಾವ ಮನೆಗೆ ಹೋದರೂ ಮೊದಲು ತಲೆಯೆತ್ತಿ ಸೂರು ನೋಡುತ್ತಾರೆ. ಹೆಣ್ಣು ನೋಡಲು ಬಂದ ದಿನ ಎಲ್ಲರೂ ನನ್ನನ್ನು ನೋಡಿದರೆ ಮಾವ ನನ್ನ ತವರುಮನೆಯ ಮಾಡು ನೋಡಿ, "ಈಶಾನ್ಯಕ್ಕೆ ಒಂದು ಹೆಂಚು ಸರಿದೈತೆ" ಎಂದಿದ್ದರಂತೆ. ಸೋರುವುದನ್ನು ಕಂಡು ಸುಮ್ಮನಿರುವುದು ಅವರಿಂದಾಗದ ಕೆಲಸ.

ಒಂದು ಭಾನುವಾರ ಗವಿಗೆ ಹೋಗಿ ಕುಳಿತೆ. ತೊಟ್ಟು ಬೀಳಲಿಲ್ಲ. ತಲೆಯೆತ್ತಿದರೆ ಬಿಳಿ ಬೆರಳೇ ಇಲ್ಲ; ಆ ಜಾಗದಲ್ಲಿ ರೊಟ್ಟಿಯಗಲದ ಸಿಮೆಂಟಿನ ದಪ್ಪ ಮುದ್ದೆ. ನಾನು ಸ್ಕೂಲಿಗೆ ಹೋಗಿದ್ದ ದಿನಗಳಲ್ಲಿ ಮಾವ ಅಟ್ಟದ ರಿಪೇರಿಯಲ್ಲಿ ಮಿಕ್ಕಿದ್ದ ಸಿಮೆಂಟು ತಂದು, ಕಲಸಿ, ಮೆತ್ತಿ, ನಾರಿನ ಕುಂಚದಿಂದ ನೀಟಾಗಿ ಸವರಿದ್ದರು. ಬಿರುಕು ಬಿಡದಿರಲೆಂದು ದಿನಾ ಅಷ್ಟು ದೂರ ನಡೆದು ಬಂದು ನೀರು ಬೇರೆ ಚಿಮುಕಿಸಿದ್ದರು. ನೀರು ನಿಲ್ಲಿಸಲು ನೀರು ಹೊತ್ತಿದ್ದರು. ಸುಣ್ಣಕಲ್ಲಿಗೆ ಸುಣ್ಣಕಲ್ಲು ಸುಟ್ಟು ಮಾಡಿದ ಸಿಮೆಂಟಿನದೇ ತೇಪೆ. ಮಾವ ಗೋಡೆಗೆ ಹೆಮ್ಮೆಯಿಂದ ಹೇಳಿದರು: "ಇನ್ಮ್ಯಾಕೆ ತಲೆ ಮ್ಯಾಲೆ ಬೀಳಲ್ಲ ಬುಡು. ಎಷ್ಟೊತ್ತು ಬೇಕಾದ್ರೂ ಕುಂತ್ಕಬೋದು."

ನನಗೆ ಬಂದ ಸಿಟ್ಟಿಗೆ ಗವಿಯೇ ಬಿರಿಯಬೇಕಿತ್ತು. ಗಂಡನಾಗಿದ್ದರೆ ಅಲ್ಲೇ ಬೈಯುತ್ತಿದ್ದೆ. ಮಾವನನ್ನು ಬೈಯಲು ನಮ್ಮಲ್ಲಿ ಪದ್ಧತಿಯಿಲ್ಲ. ಕಂಬದ ಮೂಲಕ ಬೈದರೆ ಕಂಬಕ್ಕೇ ಬೈದಂತಾಗುತ್ತದೆ. ಎದ್ದು ಬಂದೆ. ಮುಂದಿನ ಭಾನುವಾರ ಪೇಪರ್ ತಿದ್ದುವುದಿದೆ ಎಂದು ಅತ್ತೆಗೆ ಹೇಳಿದೆ. ಅದರ ಮುಂದಿನ ಭಾನುವಾರ ಕಾಲು ನೋವು ಎಂದೆ. ಗಂಡನಿಗೆ ವಿಷಯ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ತೊಟ್ಟು ನೀರಿಗೆ ಇಷ್ಟು ಸಿಟ್ಟಾ? ಬಚ್ಚಲ ನಲ್ಲಿ ಒಂಚೂರು ಸಡಿಲ ಬಿಡ್ತೀನಿ, ಕುಂತ್ಕಂಡು ನೋಡು ಕಣೇ" ಎಂದರು.

ಅಷ್ಟರಲ್ಲಿ ಮಾವನ ಸಕ್ಕರೆ ಏರಿತು. ನಡೆಯುವುದನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಅತ್ತೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ನೀನಿಲ್ದೆ ಹೋಗಲ್ವಂತೆ ಕಣಮ್ಮ. ಅಲ್ಲಿ ಒಬ್ನೇ ಯಾರ ಜೊತೆ ಮಾತಾಡ್ಲಿ ಅಂತಾರೆ" ಎಂದರು. ನನಗೆ ನಾಚಿಕೆಯಾಯಿತು. ಗೋಡೆಗೆ ಹೇಳಿದ ರಾಗಿ, ಮಳೆ, ನುಸಿಯೆಲ್ಲ ನನಗೇ ಹೇಳಿದ್ದೆಂದು ಅಷ್ಟು ದಿನ ತೊಟ್ಟು ನೋಡುತ್ತಾ ಕುಳಿತವಳಿಗೆ ತಿಳಿದಿರಲಿಲ್ಲ.

ಮತ್ತೆ ಹೋದೆವು. ಒಣಗಿದ ಗವಿಯಲ್ಲಿ ಇಬ್ಬರೂ ಕುಳಿತೆವು. ಕೊನೆಗೆ ನಾನೇ ಗೋಡೆಗೆ ಹೇಳಿದೆ: "ಆ ನೀರಿನಿಂದ ನಂಗೆ ತೊಂದರೆ ಇರಲಿಲ್ಲ. ಅದು ಬೀಳೋದನ್ನ ಕಾಯೋಕೇ ನಾನು ಬರ್ತಿದ್ದೆ."

ಮಾವ ತಲೆಯೆತ್ತಿ ತೇಪೆ ನೋಡಿದರು. ಆಮೇಲೆ ಎದ್ದು, ಒಂದು ಕಲ್ಲು ಹುಡುಕಿ, ತೇಪೆಯ ಅಂಚಿಗೆ ಮೆಲ್ಲಮೆಲ್ಲಗೆ ಕುಟ್ಟತೊಡಗಿದರು. ಸಿಮೆಂಟು ಇಡಿಯಾಗಿ ಕಳಚಿ ಅವರ ಅಂಗೈಗೆ ಬಿತ್ತು, ಅದರೊಳಗೆ ಸಿಕ್ಕಿಕೊಂಡಿದ್ದ ಬಿಳಿ ಬೆರಳೂ ಮುರಿದು ಜೊತೆಗೇ ಬಂತು. ಮಾವ ಅದನ್ನು ಹಿಡಿದುಕೊಂಡು ನಿಂತರು. "ಮತ್ತೆ ಬೆಳೀತದಾ?" ಎಂದು ಗೋಡೆಯನ್ನು ಕೇಳಿದರು. "ಬೆಳೆಯುತ್ತೆ. ನಿಧಾನ" ಎಂದೆ ನಾನೂ ಗೋಡೆಗೆ. ಎಷ್ಟು ನಿಧಾನವೆಂದು ಹೇಳಲು ಮನಸ್ಸಾಗಲಿಲ್ಲ. ನಮ್ಮ ಮನೆತನದಲ್ಲಿ ಅಜ್ಜ, ಮುತ್ತಜ್ಜ ಎಂದು ಎಣಿಸುತ್ತಾ ಹೋದರೂ ಅಷ್ಟು ಕಾಲ ಸಾಲುವುದಿಲ್ಲ.

ಆಗ ಮಾವ ತಿರುಗಿದರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ತಪ್ಪು ತಿಳ್ಕಂಡೆ ಕಣವ್ವ. ಸೋರೋ ಜಾಗಕ್ಕೆ ಬಂದು ಕುಂತ್ಕತಾಳಲ್ಲ, ಮನೇಲಿ ಅದೆಷ್ಟು ಬೇಜಾರೈತೋ ಅನ್ಕಂಡೆ. ಮನೇದು ಏನು ಅಂತ ನಂಗೆ ತಿಳೀನಿಲ್ಲ. ಇದನ್ನಾದ್ರೂ ಸರಿ ಮಾಡಾನ ಅಂತ ಮಾಡ್ದೆ. ಏನು ಬೇಜಾರು, ಹೇಳವ್ವ."

"ಏನೂ ಇಲ್ಲ ಮಾವ. ಚೆನ್ನಾಗೇ ಇದೀನಿ" ಎಂದೆ.

ಹೇಳಿ ಮುಗಿಯುವಷ್ಟರಲ್ಲಿ ನನಗೇ ಕಸಿವಿಸಿಯಾಯಿತು. ಇಷ್ಟು ವರ್ಷ ಕಂಬದ ಮೂಲಕ, ಹಸುವಿನ ಮೂಲಕ ನಾವಿಬ್ಬರೂ ಒಂದೇ ಒಂದು ಸುಳ್ಳು ಆಡಿರಲಿಲ್ಲ. ಮುಖ ನೋಡಿ ಆಡಿದ ಮೊದಲ ಮಾತೇ ಸುಳ್ಳಾಯಿತು. ಮಾವನಿಗೂ ಅದು ತಿಳಿಯಿತೆಂದು ಕಾಣುತ್ತದೆ. ಅವರು ಒತ್ತಾಯ ಮಾಡಲಿಲ್ಲ. ಮುರಿದ ಬೆರಳನ್ನು ಮೆತ್ತಗೆ ಕಲ್ಲಿನ ಮೇಲಿಟ್ಟು, ಅರ್ಧ ಬೆನ್ನು ನನ್ನ ಕಡೆ ಮಾಡಿ ಕುಳಿತು ಗೋಡೆಗೆ, "ಏನೂ ಇಲ್ವಂತೆ ಕಣಪ್ಪ" ಎಂದರು. ಆಮೇಲೆ ಒಂಚೂರು ಆಚೆ ಸರಿದು ನನಗೂ ಗೋಡೆಯಲ್ಲಿ ಜಾಗ ಬಿಟ್ಟರು.

ನಾನು ಗೋಡೆಗೆ ಹೇಳತೊಡಗಿದೆ. ಸುಮ್ಮನೆ ಕುಳಿತರೆ ಹಣೆ ಮುಟ್ಟುವುದರಿಂದ ಶುರುವಾಯಿತು, ಎಲ್ಲೆಲ್ಲಿಗೋ ಹೋಯಿತು. ನನಗೇ ಗೊತ್ತಿಲ್ಲದ ದೂರುಗಳೆಲ್ಲ ಹೊರಬಂದವು. ಮಾವ ಒಂದು ಸಲವೂ ಈ ಕಡೆ ನೋಡಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತ್ರ, ಅವರೂ ಗೋಡೆಗೇ, "ಹೂಂ, ಆಮ್ಯಾಕೆ?" ಎನ್ನುತ್ತಿದ್ದರು. ವಾಪಸ್ಸು ಹೊರಟಾಗ ಬಿಸಿಲು ನೆತ್ತಿಗೇರಿತ್ತು, ನನ್ನ ಗಂಟಲು ಒಣಗಿತ್ತು. ಸುಮ್ಮನೆ ಕೂರಲು ಒಂದು ಜಾಗ ಬೇಕೆಂದು ಗವಿಯವರೆಗೆ ಹೋದವಳು ಅವತ್ತು ಒಂದು ನಿಮಿಷವೂ ಸುಮ್ಮನೆ ಕೂತಿರಲಿಲ್ಲ.