ನರ್ಸಿಂಗ್ ಹೋಮಿಗೆ ಬಂದ ಮಡಿ

ಸೊಸೆಯೊಬ್ಬಳು ಅತ್ತೆಯನ್ನು ಹೊಗಳತೊಡಗಿದರೆ ಕೇಳುವವರು ಅನುಮಾನದಿಂದ ನೋಡುವುದು ಸಹಜ. ನೋಡಲಿ. ನಾನಂತೂ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಸುಲ್ತಾನ್ ಬಜಾರಿನ ಬಳೆ ಅಂಗಡಿಯವನಿಗೂ ಹೇಳಿಬಿಟ್ಟೆ.

ಕಲಬುರಗಿಯಿಂದ ಈ ತೆಲುಗು ಸೀಮೆಯ ನಮ್ಮ ಮನೆಗೆ ಬಂದಿದ್ದ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಆರೈಕೆಗೆಂದು ಹಿಮಾಯತ್‌ನಗರದ ಸಣ್ಣ ನರ್ಸಿಂಗ್ ಹೋಮೊಂದಕ್ಕೆ ಸೇರಿಸಿದೆವು. ಪಕ್ಕದ ಮಂಚದಲ್ಲಿ ಸತ್ಯವತಿ ಎಂಬ ತೆಲುಗು ಅಜ್ಜಿ. ಸಕ್ಕರೆ ಕಾಯಿಲೆಯಿಂದಾಗಿ ಅವರ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಇವರಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು; ಮಾತೆಲ್ಲ ಸೊಸೆಯರ ಬಗ್ಗೆಯೇ ಆದ್ದರಿಂದ ಭಾಷೆ ಅಡ್ಡಬರಲಿಲ್ಲ.

ಒಂದು ಬೆಳಿಗ್ಗೆ ಬೀದರ್ ಕಡೆಯ ಸಿಸ್ಟರ್ ಸುನಂದಾ ಬಂದು ಹೇಳಿದರು: “ಕೊನೀ ಖೋಲ್ಯಾಗಿನ ಅಜ್ಜಾರ ಗಾಯಕ್ಕ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಹತ್ತೇತ್ರಿ. ಕೈಯಿಂದ ಕೈಗೆ ಹೋಗ್ತೈತಿ. ಸತ್ಯವತಿ ಅಮ್ಮಾರಿಗೆ ಹತ್ತಿದ್ರ ಕಾಲು ಉಳಿಯೂದು ಕಷ್ಟ.” ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕಲು ಬಂದರು. ಅತ್ತೆ ಮೂಸಿ ನೋಡಿ, ಹೆಂಡವನ್ನೇ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು.

“ಸೆರಿ ವಾಸನಿ ಬರಾಕತ್ತೈತಲ್ಲವಾ. ಜನ್ಮಾಪೂರ್ತಿ ಮಡೀಲೆ ಇದ್ದು ಈಗ ಸೆರಿ ಹಚ್ಕೋಬೇಕೇನು?”

“ಸಾಬಾಣ, ನೀರು ಆದ್ರೂ ನಡೀತೈತ್ರಿ. ಆದ್ರ ತೊಳೀದ ಯಾರೂ ಯಾರನ್ನೂ ಮುಟ್ಟಂಗಿಲ್ಲ.”

“ಡಾಕ್ಟರೂ?”

“ಡಾಕ್ಟರೂ.”

ಅತ್ತೆಯ ಕಣ್ಣುಗಳು ಹೊಳೆದವು. ಮನೆಯಲ್ಲಿ ನನ್ನೊಬ್ಬಳ ಮೇಲೆ ನಡೆಯುತ್ತಿದ್ದ ಆಳ್ವಿಕೆಗೆ ಇಡೀ ರಾಜ್ಯವೇ ಸಿಕ್ಕಿತ್ತು. ಗಾಲಿಕುರ್ಚಿಯನ್ನು ಬಾಗಿಲಿಗೆ ತಳ್ಳಿಸಿಕೊಂಡು ಕೂತರು. ರೋಗಿಗಳನ್ನು ನೋಡಲು ಬಂದ ನೆಂಟರು ಬಳೆ, ಗಡಿಯಾರ ತೆಗೆದು ಮೊಳಕೈವರೆಗೆ ತೊಳೆದರು. ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತ, ಕನ್ನಡವೂ ಬಲ್ಲ ದೊಡ್ಡ ಡಾಕ್ಟರೇ ಬಂದರು.

“ಸಾಹೇಬ್ರ, ಎಲ್ಲಿಂದ ಬಂದ್ರಿ?”

“ಕೊನೇ ರೂಮಿಂದ. ಗ್ಲೌಸ್ ಹಾಕಿದ್ದೆ ಅಮ್ಮಾ.”

“ಬಿಚ್ಚಿದ ಮ್ಯಾಲ ಕೈ ತೊಳ್ಕೊಂಡ್ರೇನು?”

ಡಾಕ್ಟರು ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿ, ಜೇಬಿಗಿಳಿಸಿ, ನಲ್ಲಿಯ ಕಡೆ ತಿರುಗಿದರು. “ಬಾಗಾ ತೋಮುಕೋಂಡಿ,” ಚೆನ್ನಾಗಿ ಉಜ್ಜಿಕೊಳ್ಳಿ ಎಂದು ಸತ್ಯವತಿ ಮಂಚದಿಂದಲೇ ದನಿಗೂಡಿಸಿದರು. ಅಲ್ಲೇ ಚಪ್ಪಾಳೆ ತಟ್ಟಬೇಕೆನಿಸಿತು. ತೊಳೆದ ಕೈ ಎಂದು ಸುಮ್ಮನಾದೆ.

ಸೋಂಕು ಆ ಖೋಲಿಯ ಹೊಸ್ತಿಲು ದಾಟಲಿಲ್ಲ. ಅಜ್ಜನೂ ಗುಣವಾದರು. ಸತ್ಯವತಿಯವರ ಹುಣ್ಣು ಒಣಗಿ, ಅವರು ಗೋಡೆ ಹಿಡಿದು ನಡೆದ ದಿನ ನಾನು ಕಾರಿಡಾರಿನಲ್ಲೇ ಎಲ್ಲರಿಗೂ ಮೈಸೂರುಪಾಕು ಹಂಚಿದೆ.

ಅತ್ತೆಯನ್ನು ಮನೆಗೆ ಕರೆದೊಯ್ಯಲು ಹೋದಾಗ ಸಿಸ್ಟರ್ ನನ್ನ ಕೈ ಹಿಡಿದುಕೊಂಡು, “ಇನ್ನೊಂದೀಟು ದಿನ ಇಲ್ಲೇ ಬಿಡ್ರಿ ಅಕ್ಕಾರ, ಇವರಿದ್ರ ನಮಗ ಭಾಳ ಅನುಕೂಲ,” ಎಂದರು. ಧಾರಾಳವಾಗಿ ಇಟ್ಟುಕೊಳ್ಳಿ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು. ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡೆ.